ಕೈಗೆ ಬಂದ ವಿದ್ಯೆ, ಕೈತಪ್ಪುವ ತಾರೀಖು



ಬೆಳಗಾವಿಯ ಸಾಂಬ್ರಾ ಕಡೆಯ ಹಳ್ಳಿಗಳಲ್ಲಿ ಸಣ್ಣ ವಿಮಾನಗಳ ಸದ್ದು ಈಗ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನಿಲ್ದಾಣ ಅದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಶಾಲೆಗಳಿಗಾಗಿ ದೇಶದ ಐದು ನಿಲ್ದಾಣಗಳನ್ನು ಆರಿಸಿತು. ಅವುಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ನಮ್ಮ ರಾಜ್ಯದವು. ಅಲ್ಲಿಂದೀಚೆಗೆ ಬೆಳಗಾವಿ ನಗರದಲ್ಲಷ್ಟೇ ಅಲ್ಲ, ಖಾನಾಪುರದಂಥ ಊರುಗಳಲ್ಲೂ ತಂದೆ-ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೊಸದು ಸೇರಿದೆ: "ನಮ್ಮ ಮಗಳು ಪೈಲಟ್ ಆಗಬಹುದೇ?"

ಆಗಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು, ಹದಿನೆಂಟು ವರ್ಷ ತುಂಬಿರಬೇಕು, ದೇಹ ಮತ್ತು ಕಣ್ಣು ಸರಿಯಿರಬೇಕು, ಲಿಖಿತ ಪರೀಕ್ಷೆಗಳನ್ನು ಪಾಸು ಮಾಡಿ 200 ಗಂಟೆ ವಿಮಾನ ಹಾರಿಸಿರಬೇಕು. ಆಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಾಣಿಜ್ಯ ಪೈಲಟ್ ಪರವಾನಗಿ ಕೊಡುತ್ತದೆ. ಖರ್ಚು ಹತ್ತಾರು ಲಕ್ಷ ರೂಪಾಯಿ. ಇಷ್ಟನ್ನು ಎಲ್ಲರೂ ವಿಚಾರಿಸುತ್ತಾರೆ. ಆದರೆ ಪರವಾನಗಿ ಕೈಗೆ ಬಂದ ಮೇಲೆ ಅದನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ವಿಚಾರಿಸುವವರು ತೀರಾ ಕಡಿಮೆ. ಈ ತಿಂಗಳು ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿದ್ಯೆಯನ್ನು ಕಳ್ಳರು ಕದಿಯಲಾರರು ಎಂಬ ಮಾತಿದೆ. ನಿಜ. ಆದರೆ ಕಳ್ಳರು ಮುಟ್ಟದ ವಿದ್ಯೆಗೂ ತುಕ್ಕು ಹಿಡಿಯುತ್ತದೆ. ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝರನ್ನು ಕೇಳಿ ನೋಡಿ. ಸನದು ಸಿಕ್ಕಿತೆಂದು ಅವರು ಸುಮ್ಮನಿರುವುದಿಲ್ಲ. ಹಳೆಯ ಪಾಠವನ್ನು ನಿತ್ಯ ಓದುತ್ತಾರೆ, ರಮಝಾನ್ ಹತ್ತಿರ ಬಂದಂತೆ ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. ಗೋಡೆಗೆ ತೂಗುಹಾಕಿದ ಸನದು ತರಾವೀಹ್ ನಮಾಝಿನಲ್ಲಿ ನೆರವಿಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತು. ಪೈಲಟ್ ಪರವಾನಗಿಯ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ.

ಆ ಪರವಾನಗಿಯ ಅವಧಿ ಮೊದಲು ಐದು ವರ್ಷವಿತ್ತು. 2023ರ ಅಕ್ಟೋಬರಿನಲ್ಲಿ ನಿಯಮ ತಿದ್ದಿ ಅದನ್ನು ಹತ್ತು ವರ್ಷಕ್ಕೆ ಏರಿಸಲಾಯಿತು. ಇದನ್ನು ಕೇಳಿ ಅನೇಕರು ಹತ್ತು ವರ್ಷ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಆ ಕಾಗದದ ಜೊತೆ ಇನ್ನೂ ಕೆಲವು ಸಂಗತಿಗಳು ಚಾಲ್ತಿಯಲ್ಲಿರಬೇಕು. ಮೊದಲನೆಯದು ವೈದ್ಯಕೀಯ ಪ್ರಮಾಣಪತ್ರ. ಯುವ ಪೈಲಟ್‌ಗಳೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡನೆಯದು ರೇಡಿಯೋದಲ್ಲಿ ನಿಯಂತ್ರಣ ಗೋಪುರದೊಂದಿಗೆ ಮಾತನಾಡುವ ಪರವಾನಗಿ. ಮೂರನೆಯದು ಇತ್ತೀಚಿನ ಹಾರಾಟದ ಅನುಭವ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ವಿಮಾನವನ್ನು ಮೇಲೇರಿಸಿ ಇಳಿಸಿರಬೇಕು. ನಾಲ್ಕನೆಯದು ಪರೀಕ್ಷಕರ ಎದುರು ಆಗಾಗ ಕೊಡಬೇಕಾದ ಕೌಶಲ ಪರೀಕ್ಷೆ. ಇವುಗಳಲ್ಲಿ ಒಂದು ತಪ್ಪಿದರೂ, ಪರವಾನಗಿಯ ಮೇಲೆ ತಾರೀಖು ಇನ್ನೂ ಉಳಿದಿದ್ದರೂ, ಆ ಪೈಲಟ್ ಪ್ರಯಾಣಿಕರನ್ನು ಹೊತ್ತು ಹಾರುವಂತಿಲ್ಲ. ಬಿಡುವು ಉದ್ದವಾದಷ್ಟೂ ಮರಳುವ ದಾರಿಯೂ ಉದ್ದವಾಗುತ್ತದೆ.

ಇದೆಲ್ಲ ಕಾಗದದ ಕಾಟವೆಂದು ಬೇಸರಪಡಬೇಡಿ. 2023ರ ಮೇ 30ರಂದು ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಅಂಥ ಗಳಿಗೆಯಲ್ಲಿ ಪುಸ್ತಕ ತೆರೆದು ನೋಡಲು ಪುರುಸೊತ್ತು ಇರುವುದಿಲ್ಲ, ಕೈಗೆ ರೂಢಿ ಇರಬೇಕು. ವಿಮಾನದಲ್ಲಿ ಕುಳಿತವರ ಪ್ರಾಣ ಪೈಲಟ್‌ನ ಕೈಯಲ್ಲಿರುವ ಅಮಾನತು. ಒಂದು ಕಾಲದಲ್ಲಿ ಚೆನ್ನಾಗಿ ಹಾರಿಸುತ್ತಿದ್ದೆ ಎಂಬ ಮಾತನ್ನು ನಂಬಿ ಆ ಅಮಾನತನ್ನು ಯಾರಿಗೂ ಒಪ್ಪಿಸಲಾಗದು. ನಿಯಮ ಸರಿಯಾಗಿಯೇ ಇದೆ.

ಆದರೆ ಅದರ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸದಲ್ಲಿರುವ ಪೈಲಟ್‌ಗೆ ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲಿ ಕಾಲಕಾಲಕ್ಕೆ ನಡೆಯುವ ಪರೀಕ್ಷೆಯನ್ನು ಕಂಪನಿಯೇ ಏರ್ಪಡಿಸುತ್ತದೆ. ಕೆಲಸ ಹೋಯಿತೋ, ಆ ಖರ್ಚು ಪೈಲಟ್‌ನ ತಲೆಗೇ ಬರುತ್ತದೆ. ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು. ಸಿಬ್ಬಂದಿಗೆ ಅಷ್ಟರಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಸಾವಿರಾರು ಗಂಟೆ ಹಾರಿಸಿದ ನುರಿತ ಪೈಲಟ್ ಕೂಡ ಇಂಥ ಹೊತ್ತಿನಲ್ಲಿ ವಿಚಿತ್ರವಾದ ಬಲೆಗೆ ಬೀಳುತ್ತಾನೆ. ಹೊಸ ಕೆಲಸ ಸಿಗಬೇಕಾದರೆ ಅರ್ಹತೆಗಳು ಚಾಲ್ತಿಯಲ್ಲಿರಬೇಕು, ಚಾಲ್ತಿಯಲ್ಲಿರಬೇಕಾದರೆ ಹಾರಬೇಕು, ಹಾರಬೇಕಾದರೆ ಕೆಲಸವಿರಬೇಕು, ಇಲ್ಲವೇ ಕೈಯಲ್ಲಿ ಹಣವಿರಬೇಕು. ಸಂಬಳವೇ ಬಾರದ ಮನೆಯಲ್ಲಿ ಹಣ ಎಲ್ಲಿಂದ ಬರಬೇಕು?

ಮಹಿಳೆಯರ ವಿಷಯಕ್ಕೆ ಬಂದರೆ ಈ ಬಲೆ ಇನ್ನಷ್ಟು ಬಿಗಿಯಾಗುತ್ತದೆ. ಭಾರತದ ಪೈಲಟ್‌ಗಳಲ್ಲಿ ಶೇ. 15ಕ್ಕಿಂತ ಹೆಚ್ಚು ಮಹಿಳೆಯರು ಎಂದು 2022ರಲ್ಲಿ ಸರಕಾರ ಸಂಸತ್ತಿಗೆ ತಿಳಿಸಿತು. ಜಗತ್ತಿನ ಸರಾಸರಿ ಸುಮಾರು ಶೇ. 5 ಮಾತ್ರ. ಹೆಮ್ಮೆಯ ಸಂಗತಿಯೇ. ಆದರೆ ಲೆಕ್ಕ ಹಾಕಿ ನೋಡಿ. 2017ರ ತಿದ್ದುಪಡಿಯ ಪ್ರಕಾರ ಹೆರಿಗೆ ರಜೆ 26 ವಾರ, ಅಂದರೆ 182 ದಿನ. ಹಾರಾಟದ ಅನುಭವ ಹಳತಾಗಲು 90 ದಿನ ಸಾಕು. ಹೆರಿಗೆಯ ನಂತರ ಮತ್ತೆ ವೈದ್ಯಕೀಯವಾಗಿ ಯೋಗ್ಯಳೆಂದು ತೋರಿಸಿಕೊಳ್ಳಬೇಕು. ಕಂಪನಿಯಲ್ಲಿರುವ ತಾಯಿಯನ್ನು ಮರಳಿ ತರಬೇತಿಗೆ ಕರೆದುಕೊಳ್ಳಲು ಒಂದು ವ್ಯವಸ್ಥೆ ಇರುತ್ತದೆ. ಪರವಾನಗಿ ಪಡೆದು ಇನ್ನೂ ಕೆಲಸ ಸಿಗದ ಹುಡುಗಿಗೆ ಅದೂ ಇಲ್ಲ. ಅಷ್ಟರಲ್ಲಿ ಮದುವೆ ನಡೆಯುತ್ತದೆ, ಊರು ಬದಲಾಗುತ್ತದೆ, ಮಗು ಬರುತ್ತದೆ. "ಈಗೇನು ಅವಸರ, ಮಗು ದೊಡ್ಡದಾಗಲಿ" ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಲಾಗ್‌ಬುಕ್ ನಿಕಾಹ್‌ನ ಬಟ್ಟೆಗಳ ಜೊತೆ ಟ್ರಂಕಿನ ತಳ ಸೇರುತ್ತದೆ. ಆಕೆಯಿಂದ ಯಾರೂ ಏನನ್ನೂ ಕಿತ್ತುಕೊಂಡಿರುವುದಿಲ್ಲ, ತಾರೀಖುಗಳು ಮಾತ್ರ ಒಂದೊಂದಾಗಿ ದಾಟಿಹೋಗಿರುತ್ತವೆ.

ಹೈದರಾಬಾದಿನ ಸೈಯದಾ ಸಲ್ವಾ ಫಾತಿಮಾರ ಬಗ್ಗೆ ನಿಮ್ಮಲ್ಲಿ ಕೆಲವರು ಓದಿರಬಹುದು. ಅವರ ತಂದೆ ಬೇಕರಿಯಲ್ಲಿ ದುಡಿಯುತ್ತಿದ್ದವರು. ಸಲ್ವಾ ವಾಣಿಜ್ಯ ಪೈಲಟ್ ಪರವಾನಗಿ ಪಡೆದರೂ ದೊಡ್ಡ ವಿಮಾನಗಳ ಬಾಗಿಲು ತೆರೆಯಲಿಲ್ಲ. ಒಂದಕ್ಕಿಂತ ಹೆಚ್ಚು ಎಂಜಿನ್ ಇರುವ ವಿಮಾನದ ತರಬೇತಿಗೂ ಏರ್‌ಬಸ್ ತರಬೇತಿಗೂ ಬೇಕಾದ ಲಕ್ಷಾಂತರ ರೂಪಾಯಿ ಆ ಮನೆಯಲ್ಲಿರಲಿಲ್ಲ. ನಡುವೆ ಮದುವೆಯಾಯಿತು, ತಾಯಿಯೂ ಆದರು. ತೆಲಂಗಾಣ ಸರಕಾರ ನೆರವು ಕೊಟ್ಟ ಮೇಲೆ ನ್ಯೂಜಿಲೆಂಡ್ ಮತ್ತು ಬಹ್ರೈನ್‌ಗಳಲ್ಲಿ ಆ ತರಬೇತಿ ಮುಗಿಸಿದರು. ಆಕೆಯ ಛಲವನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆದರೆ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಆಕೆಗೆ ಪ್ರತಿಭೆಯ ಕೊರತೆ ಎಂದೂ ಇರಲಿಲ್ಲ. ಕೊರತೆ ಇದ್ದದ್ದು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಡುವ ಹೊತ್ತಿನಲ್ಲಿ ಕೈಹಿಡಿಯುವ ನೆರವಿನದು.

ಪೈಲಟ್‌ಗಳ ಕಥೆ ನಮಗೇಕೆ ಎನ್ನುವ ಸಹೋದರಿಯರೂ ಇರಬಹುದು. ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಗಾಡಿ ಓಡಿಸುವವರು ಎಷ್ಟು ಜನ! ಅವರ ಪರವಾನಗಿಗೂ ತಾರೀಖಿದೆ. ಲಾರಿ, ಬಸ್ಸುಗಳಂಥ ಸಾರಿಗೆ ವಾಹನದ ಪರವಾನಗಿ ಐದು ವರ್ಷಕ್ಕೆ ಮುಗಿಯುತ್ತದೆ. ಮೊದಲು ಅವಧಿ ಮುಗಿದ ಮೇಲೂ ಮೂವತ್ತು ದಿನದ ವಿನಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮೂವತ್ತು ವರ್ಷ ಘಾಟಿ ಹತ್ತಿ ಇಳಿದ ಚಾಲಕನೂ ಹೊಸಬನಂತೆ ಮತ್ತೆ ಪರೀಕ್ಷೆ ಕೊಡಬೇಕು. ಆ ನಡುವೆ ಅಪಘಾತವಾದರೆ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡುವ ಸಂಭವವಿದೆ. ಒಂದು ತಾರೀಖು ಮರೆತದ್ದಕ್ಕೆ ಮನೆ, ಹೊಲ ಮಾರಬೇಕಾದೀತು.

ಆದ್ದರಿಂದ ಕೆಲವು ಮಾತುಗಳನ್ನು ನೆನಪಿಡಿ. ಮಗಳನ್ನು ಹಾರಾಟ ಶಾಲೆಗೆ ಸೇರಿಸುವ ಮುನ್ನ ತರಬೇತಿಯ ಖರ್ಚಿನ ಜೊತೆಗೆ, ಕೆಲಸ ಸಿಗುವವರೆಗೆ ಒಂದೆರಡು ವರ್ಷ ಪರವಾನಗಿಯನ್ನು ಚಾಲ್ತಿಯಲ್ಲಿಡುವ ಖರ್ಚನ್ನೂ ಬರೆದಿಡಿ. ಅದಕ್ಕೆ ಹಣವಿಲ್ಲವಾದರೆ ಹೊಲ ಮಾರುವ ಮೊದಲೇ ಇನ್ನೊಮ್ಮೆ ಯೋಚಿಸಿ. ಪೈಲಟ್ ಇರಲಿ, ನರ್ಸ್ ಇರಲಿ, ಟೀಚರ್ ಇರಲಿ, ಮದುವೆಯ ಮಾತುಕತೆಯಲ್ಲಿ ಆಕೆಯ ವೃತ್ತಿ ಮುಂದುವರಿಯುವ ಬಗೆಯನ್ನೂ ಹಿರಿಯರ ಎದುರಿಗೇ ಸ್ಪಷ್ಟವಾಗಿ ಆಡಿಕೊಳ್ಳಿ. ಸೊಸೆಯ ಪರೀಕ್ಷೆಗೆ ಎರಡು ವಾರ ಮಗುವನ್ನು ನೋಡಿಕೊಳ್ಳುವ ಅತ್ತೆ ಆಕೆಯ ಬದುಕಿಗೆ ಮಾಡುವ ಉಪಕಾರ ಸಣ್ಣದಲ್ಲ.

ಪರವಾನಗಿ ಮುಗಿದು ಮನೆಯಲ್ಲಿ ಕುಳಿತ ಮಗ, ಮಗಳು ಇದ್ದರೆ "ಅಷ್ಟು ಹಣ ಸುರಿದದ್ದು ನೀರಲ್ಲಿ ಹೋಯಿತು" ಎಂದು ಚುಚ್ಚಬೇಡಿ. ತಾರೀಖು ಮುಗಿದರೆ ಕಲಿತದ್ದೆಲ್ಲ ಮುಗಿಯಿತೆಂದು ಅರ್ಥವಲ್ಲ, ಅದನ್ನು ಇನ್ನೊಮ್ಮೆ ಸಾಬೀತು ಮಾಡಿ ತೋರಿಸಬೇಕು ಅಷ್ಟೇ. ವೈದ್ಯಕೀಯ ಪರೀಕ್ಷೆಗೆ ಮೊದಲ ಹೆಜ್ಜೆ ಇಡಲು ಹೇಳಿ, ಜೊತೆಗೆ ಹೋಗಿ.

ಇವತ್ತೇ ಒಂದು ಕೆಲಸ ಮಾಡಿ. ಮನೆಯವರ ಪರವಾನಗಿಗಳನ್ನು ಹೊರತೆಗೆದು ನೋಡಿ. ಚಾಲನಾ ಪರವಾನಗಿಯಲ್ಲಿ ಎನ್‌.ಟಿ. ಎಂಬುದರ ಮುಂದಿರುವುದು ಸ್ವಂತ ವಾಹನದ ತಾರೀಖು, ಟಿ.ಆರ್. ಎಂಬುದರ ಮುಂದಿರುವುದು ಸಾರಿಗೆ ವಾಹನದ ತಾರೀಖು. ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರಿನ ಲೆಕ್ಕ ತಪ್ಪದೆ ಇಡುವ ನಿಮ್ಮ ಕೈಗೆ ಇದೇನೂ ಭಾರವಲ್ಲ.