ಗೋಸುಂಬೆಗೆ ಗೂಡು ಬೇಡ, ಬೇಲಿ ಬೇಕು

'ಗೋಸುಂಬೆ ಸಾಕುವುದು ಹೇಗೆ' ಎಂದು ಮೊಬೈಲಿನಲ್ಲಿ ಹುಡುಕಿದರೆ ವಿಡಿಯೊಗಳಿಗೆ ಬರ ಇಲ್ಲ. ಗಾಜಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಎಲೆ, ಮೇಲೊಂದು ಬಣ್ಣದ ಲೈಟು, ಬೆರಳಿನ ಮೇಲೆ ಕುಳಿತ ಹಸಿರು ಗೋಸುಂಬೆ. ನೋಡಿದವರಿಗೆ ಆಸೆ ಆಗುವುದು ಸಹಜ. ಮಣಿಪಾಲದ ಫ್ಲಾಟಿನಲ್ಲಿರುವ ವಿದ್ಯಾರ್ಥಿಗೂ ಆಗುತ್ತದೆ, ಕಾರ್ಕಳದ ತೋಟದ ಮನೆಯ ಹುಡುಗನಿಗೂ ಆಗುತ್ತದೆ. ಒಬ್ಬ ದುಡ್ಡು ಕೊಟ್ಟು ತರಿಸಲು ನೋಡುತ್ತಾನೆ, ಇನ್ನೊಬ್ಬ ಬೇಲಿಯಿಂದಲೇ ಹಿಡಿದು ತರಲು ನೋಡುತ್ತಾನೆ.

ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಗೋಸುಂಬೆಗೆ ಒಳ್ಳೆಯ ಗೂಡು ಹೇಗಿರಬೇಕು ಎಂದು ಸರಿಯಾಗಿ ಲೆಕ್ಕ ಹಾಕುತ್ತಾ ಹೋದರೆ, ಕೊನೆಗೆ ನಾವು ಬಂದು ನಿಲ್ಲುವುದು ನಮ್ಮ ಮನೆಯ ಹಸಿರು ಬೇಲಿಯ ಎದುರು. ಆ ಬೇಲಿಯನ್ನು ಕಡಿದು ಹಾಕಿ ಮನೆಯೊಳಗೆ ಪೆಟ್ಟಿಗೆ ಕಟ್ಟುವುದರಲ್ಲಿ ಅರ್ಥ ಇಲ್ಲ.

ಮೊದಲು ಪ್ರಾಣಿ ಯಾವುದೆಂದು ತಿಳಿಯೋಣ

ಬೇಲಿ ಗೂಟದ ಮೇಲೆ ಕುಳಿತು ತಲೆ ಆಡಿಸುವುದು, ಕತ್ತು ಕೆಂಪು ಮಾಡಿಕೊಳ್ಳುವುದು, ಹತ್ತಿರ ಹೋದರೆ ಸರ್ರನೆ ಓಡುವುದು ಗೋಸುಂಬೆ ಅಲ್ಲ. ಅದು ಓತಿ, ಓತಿಕ್ಯಾತ. ತುಳುವಿನಲ್ಲಿ ಓಂತಿ. ಅಡಿಕೆ ಮರದಿಂದ ಮರಕ್ಕೆ ತೇಲಿಕೊಂಡು ಹೋಗುವುದು ಹಾರುವ ಓತಿ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಗೋಸುಂಬೆಯ ಕ್ರಮವೇ ಬೇರೆ. ಅದು ಓಡುವುದಿಲ್ಲ. ಗಾಳಿಗೆ ಎಲೆ ತೂಗಿದ ಹಾಗೆ ಹಿಂದೆ ಮುಂದೆ ತೂಗುತ್ತಾ ಹೆಜ್ಜೆ ಇಡುತ್ತದೆ. ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡಬಲ್ಲದು. ಕಾಲಿನ ಬೆರಳುಗಳು ಇಕ್ಕಳದ ಹಾಗೆ ಎರಡು ಮತ್ತು ಮೂರಾಗಿ ಕೂಡಿಕೊಂಡಿವೆ. ಬಾಲವನ್ನು ಸುರುಳಿ ಸುತ್ತಿ ಕೊಂಬೆ ಹಿಡಿಯುತ್ತದೆ. ಹಲ್ಲಿಯ ಬಾಲದ ಹಾಗೆ ಅದು ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ, ಹೆಚ್ಚುಕಡಿಮೆ ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿ. ಭಾರತದಲ್ಲಿರುವುದು ಒಂದೇ ಜಾತಿ. ಅದಕ್ಕೆ ಒಣ ಕಾಡು, ಕುರುಚಲು ಹೆಚ್ಚು ಇಷ್ಟ. ಹಾಗಾಗಿ ಮಳೆ ಸುರಿಯುವ ನಮ್ಮ ಕಡೆ ಅದು ಓತಿಯಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಪರೂಪದ ಪ್ರಾಣಿ ಎಂದ ಮೇಲೆ, ಒಂದನ್ನು ಹಿಡಿದರೂ ಊರಿಗೆ ಆಗುವ ನಷ್ಟ ದೊಡ್ಡದು.

ಇನ್ನೆರಡು ತಪ್ಪು ನಂಬಿಕೆ ಬಿಡಬೇಕು. ಗೋಸುಂಬೆಗೆ ವಿಷ ಇಲ್ಲ. ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಅದು ಬಣ್ಣ ಬದಲಿಸುವುದೂ ಇಲ್ಲ. ಬಿಸಿ, ಚಳಿ, ಹೆದರಿಕೆ, ಸಿಟ್ಟು, ಜೋಡಿ ಹುಡುಕಾಟ, ಇವಕ್ಕೆ ತಕ್ಕಂತೆ ಬದಲಿಸುತ್ತದೆ. ಅದರ ಚರ್ಮದ ಕೋಶಗಳಲ್ಲಿ ಬಹಳ ಸಣ್ಣ ಹರಳುಗಳಿವೆ, ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಾಗ ಬಣ್ಣ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರಿನ ಒಂದು ಜಾತಿಯಲ್ಲಿ ತೋರಿಸಿಕೊಟ್ಟರು. ನಮ್ಮ ಕೈಯಲ್ಲಿದ್ದಾಗ ಅದು ಕಪ್ಪಾದರೆ ನಾವು 'ಅಬ್ಬಾ, ಬಣ್ಣ ಬದಲಿಸಿತು' ಎಂದು ವಿಡಿಯೊ ಮಾಡುತ್ತೇವೆ. ಹೆಚ್ಚಿನ ಸಲ ಅದು ಹೆದರಿ ಹೋಗಿದೆ ಎಂದೇ ಅರ್ಥ.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಆ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು ಕೂಡ ಬೇಟೆಯೇ. ಹಿಡಿದದ್ದನ್ನು ಮನೆಯಲ್ಲಿ ಇಟ್ಟುಕೊಂಡರೂ, ಮಾರಿದರೂ, ಕೊಂಡುಕೊಂಡರೂ ಅಪರಾಧ. ಜೈಲು, ದಂಡ ಎರಡೂ ಇವೆ. 'ಪ್ರೀತಿಯಿಂದ ಸಾಕಿದ್ದೆ ಸಾರ್' ಎಂದರೆ ಬಿಡುವ ಕಾನೂನು ಅಲ್ಲ.

ವಿದೇಶದ ಜಾತಿಗಳಿಗೂ ಈಗ ಲೆಕ್ಕ ಇದೆ. ಸಾಕಲು ಮಾರುವ ಯೆಮೆನ್ ಕಡೆಯ ಜಾತಿ, ಮಡಗಾಸ್ಕರಿನ ಬಣ್ಣದ ಜಾತಿ, ಎರಡೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಇಂಥ ಪ್ರಾಣಿ ಮನೆಯಲ್ಲಿದ್ದರೆ ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಅದಕ್ಕೆ 2024ರಲ್ಲಿ ನಿಯಮಗಳೂ ಬಂದವು, 'ಪರಿವೇಶ್' ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕೈ ಬದಲಾದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು. ಕಾಗದಪತ್ರ ಇಲ್ಲದೆ 'ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ' ಎನ್ನುವವರಿಂದ ತರಿಸಿಕೊಂಡರೆ ಕೇಸು ತರಿಸಿಕೊಂಡ ಹಾಗೆ.

ಈಗಾಗಲೇ ಸಾಕಿದವರಿಗೆ

ಕಾನೂನು ಪ್ರಕಾರ ನೋಂದಣಿ ಮಾಡಿಸಿಕೊಂಡು ವಿದೇಶಿ ಗೋಸುಂಬೆ ಸಾಕುತ್ತಿರುವವರು ಇದ್ದರೆ, ಅವರನ್ನು ಬೈದು ಪ್ರಯೋಜನ ಇಲ್ಲ. ಆ ಜೀವವಾದರೂ ಚೆನ್ನಾಗಿರಲಿ. ಅವರು ಈ ಆರು ವಿಷಯ ನೋಡಿಕೊಳ್ಳಲಿ.

ಒಂದು, ಗಾಜಿನ ಪೆಟ್ಟಿಗೆ ಬೇಡ, ಜಾಲರಿ ಗೂಡು ಇರಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಗಾಳಿ ಆಡದ ಗಾಜಿನೊಳಗೆ ಗೋಸುಂಬೆಗೆ ಉಸಿರಾಟದ ಕಾಯಿಲೆ ಬರಲು ಹೆಚ್ಚು ದಿನ ಬೇಡ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಶತ್ರು ಬಂದ ಎಂದು ಹೆದರುವುದೂ ಉಂಟು.

ಎರಡು, ಗೂಡು ಎತ್ತರಕ್ಕಿರಲಿ. ದೊಡ್ಡ ಗೋಸುಂಬೆಗೆ ಕಡಿಮೆ ಎಂದರೂ ಎರಡು ಅಡಿ ಅಗಲ, ಎರಡು ಅಡಿ ಉದ್ದ, ನಾಲ್ಕು ಅಡಿ ಎತ್ತರ ಬೇಕು. ಅದನ್ನು ನೆಲದ ಮೇಲೆ ಇಡಬೇಡಿ, ಮೇಜಿನ ಮೇಲೆ ಇಡಿ. ಮರದ ಪ್ರಾಣಿಗೆ ನಮ್ಮ ತಲೆಗಿಂತ ಮೇಲೆ ಕೂತರೇ ಧೈರ್ಯ. ಒಳಗೆ ಪ್ಲಾಸ್ಟಿಕ್ ಎಲೆಯ ಬದಲು ದಾಸವಾಳದ ಗಿಡ, ಮನಿಪ್ಲಾಂಟ್ ಇರಲಿ.

ಮೂರು, ನೀರು. ಬಟ್ಟಲಿನಲ್ಲಿ ಇಟ್ಟ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲೆಗಳಿಗೆ ನೀರು ಸಿಂಪಡಿಸಿ. ನಡುವೆ ಗೂಡು ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಈ ಒಣಗುವುದೇ ಕಷ್ಟ, ಅದಕ್ಕೇ ಹೆಚ್ಚು ಗಮನ ಬೇಕು.

ನಾಲ್ಕು, ಬಿಸಿಲು. ಬಿಸಿಲಿನ ನೇರಳಾತೀತ ಕಿರಣ ಬೀಳದಿದ್ದರೆ ಮೂಳೆ ಮೆದುವಾಗಿ ಕಾಲು ಸೊಟ್ಟ ಆಗುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಕಿರಣ ಉಳಿಯುವುದಿಲ್ಲ. ಅದಕ್ಕೆಂದೇ ಬರುವ ಟ್ಯೂಬ್‌ಲೈಟ್ ಬೇಕು. ಉರಿಯುತ್ತಿದ್ದರೂ ವರ್ಷದೊಳಗೆ ಅದನ್ನು ಬದಲಿಸಬೇಕು. ಬಿಸಿ ಕಾಯುವ ಜಾಗ 30 ಡಿಗ್ರಿ ಆಸುಪಾಸು ಇದ್ದರೆ ಸಾಕು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ ಅದಕ್ಕಿಂತ ಹೆಚ್ಚು ಬಿಸಿ ಇರುವಾಗ ಮೇಲಿಂದ ಬಿಸಿ ಬಲ್ಬು ಹಾಕಿದರೆ ಬೇಯಿಸಿದ ಹಾಗೆ.

ಐದು, ಊಟ. ಜೀವಂತ ಮಿಡತೆ, ಹುಳ. ಹುಳದ ಗಾತ್ರ ಗೋಸುಂಬೆಯ ತಲೆಯ ಅಗಲಕ್ಕಿಂತ ದೊಡ್ಡದು ಬೇಡ. ಔಷಧಿ ಹೊಡೆದ ಗದ್ದೆ ತೋಟದ ಹುಳ ಬೇಡವೇ ಬೇಡ. ಹುಳಕ್ಕೆ ಮೊದಲು ಸೊಪ್ಪು ತರಕಾರಿ ತಿನ್ನಿಸಿ, ಸ್ವಲ್ಪ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಿ.

ಆರು, ಒಂದು ಗೂಡಿಗೆ ಒಂದೇ ಗೋಸುಂಬೆ. ಜೊತೆಗಾರ ಬೇಕು ಎನ್ನುವುದು ನಮ್ಮ ಯೋಚನೆ, ಅದರದ್ದಲ್ಲ. ಬಂದವರಿಗೆಲ್ಲ ಕೈಮೇಲೆ ಇಟ್ಟು ತೋರಿಸುವುದನ್ನೂ ನಿಲ್ಲಿಸಿ. ಕಣ್ಣು ಗುಳಿ ಬಿದ್ದಿದ್ದರೆ, ಹಗಲು ಹೊತ್ತು ಕಣ್ಣು ಮುಚ್ಚಿ ಕೂತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಾಯಿಲೆ ಎಂದೇ ತಿಳಿಯಿರಿ. ನಮ್ಮ ಊರಿನ ಪಶು ಚಿಕಿತ್ಸಾಲಯಗಳು ಇರುವುದು ದನಕರುಗಳಿಗಾಗಿ. ಗೋಸುಂಬೆ ನೋಡಿ ಗೊತ್ತಿರುವ ವೈದ್ಯರು ಯಾರೆಂದು ಕಾಯಿಲೆ ಬರುವ ಮೊದಲೇ ವಿಚಾರಿಸಿಡಿ.

ಈ ಆರೂ ಇರುವ ಜಾಗ ಯಾವುದು?

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಗಾಳಿ ಆಡಬೇಕು, ಎತ್ತರ ಬೇಕು, ಜೀವಂತ ಗಿಡ ಬೇಕು, ಎಲೆಯ ಮೇಲೆ ಬೆಳಗಿನ ಹನಿ ಬೇಕು, ಬೇಕಾದಾಗ ಬಿಸಿಲು, ಸಾಕೆನಿಸಿದಾಗ ನೆರಳು, ಮಿಡತೆ, ಯಾರೂ ಮುಟ್ಟದ ಒಂದು ಮರೆ. ಇದೆಲ್ಲ ಒಟ್ಟಿಗೆ ಎಲ್ಲಿದೆ? ದಾಸವಾಳ, ಕೇಪಳ, ಲಕ್ಕಿ, ಆಡುಸೋಗೆ, ಗೊಬ್ಬರದ ಗಿಡ ಸೇರಿ ಬೆಳೆದ ಬೇಲಿಯಲ್ಲಿ. ಕರೆಂಟ್ ಬಿಲ್ಲು ಇಲ್ಲ, ಟ್ಯೂಬ್ ಬದಲಿಸಬೇಕಾಗಿಲ್ಲ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದು ಹಿರಿಯರು ತಮಾಷೆಗೆ ಹೇಳಿದರು. ಈಗ ಆ ಸಾಕ್ಷಿಯೂ ಉಳಿದಿಲ್ಲ.

ಕಾಪುವಿನಿಂದ ಉಡುಪಿಗೆ ಬರುವಾಗ ಒಳದಾರಿಯಲ್ಲಿ ಬಂದು ನೋಡಿ. ಹಸಿರು ಬೇಲಿ ಇದ್ದ ಕಡೆ ಮುರಕಲ್ಲಿನ ಇಲ್ಲವೇ ಸಿಮೆಂಟಿನ ಗೋಡೆ, ಗೋಡೆಯ ಒಳಗೆ ಮಣ್ಣೇ ಕಾಣದಂತೆ ಇಂಟರ್‌ಲಾಕ್. ಗೋಸುಂಬೆ ಮೊಟ್ಟೆ ಇಡಲು ಮರದಿಂದ ಇಳಿದು ಮಣ್ಣು ತೋಡುತ್ತದೆ. ಇಂಟರ್‌ಲಾಕನ್ನು ಅದು ತೋಡಲಾರದು. ಉಳಿದ ಒಂದಿಷ್ಟು ಹಸಿರಿಗೆ ಕಳೆನಾಶಕ ಬಿದ್ದರೆ ಹುಳಗಳಿಗೆ ಇರಲು ಸೊಪ್ಪೇ ಇಲ್ಲ. ಹುಳ ಇಲ್ಲದಿದ್ದರೆ ಹುಳ ತಿನ್ನುವ ಓತಿ, ಗೋಸುಂಬೆ, ಹಕ್ಕಿ ಯಾವುದೂ ಇಲ್ಲ.

'ಬೇಲಿ ಇದ್ದರೆ ಹಾವು ಬರುತ್ತದೆ' ಎನ್ನುತ್ತಾರೆ. ಹಾವು ಹೆಚ್ಚಾಗಿ ಬರುವುದು ಇಲಿಯ ಹಿಂದೆ. ಇಲಿ ಬರುವುದು ಅಂಗಳದಲ್ಲಿ ರಾಶಿ ಹಾಕಿದ ಕಸಕ್ಕೆ, ಮುಸುರೆಗೆ, ಕೋಳಿ ಆಹಾರಕ್ಕೆ. ಅದನ್ನು ಸರಿ ಮಾಡದೆ ಬೇಲಿ ಕಡಿದರೆ ಇಲಿಯೂ ಹೋಗುವುದಿಲ್ಲ, ಹಾವೂ ಹೋಗುವುದಿಲ್ಲ. 'ಜಾಗದ ಗಡಿ ತಕರಾರು ಇದೆ, ಗೋಡೆ ಬೇಕೇ ಬೇಕು' ಎಂದರೆ ಒಪ್ಪುತ್ತೇನೆ. ಗೋಡೆ ಕಟ್ಟಿ. ಒಳಗಡೆ ಮೂರು ಅಡಿ ಮಣ್ಣು ಬಿಟ್ಟು ಗಿಡದ ಸಾಲು ಬೆಳೆಸಿ. ದಾಸವಾಳದ ಗೆಲ್ಲು ಕೇಳಿದರೆ ಪಕ್ಕದ ಮನೆಯವರು ಇಲ್ಲ ಎನ್ನುವುದಿಲ್ಲ.

'ಬೇಲಿಯಲ್ಲಿ ಬಿಟ್ಟರೆ ಕೆಂಬೂತ ತಿನ್ನುತ್ತದೆ, ಬೆಕ್ಕು ಹಿಡಿಯುತ್ತದೆ, ಗೂಡಿನಲ್ಲಾದರೆ ಬದುಕುತ್ತದೆ' ಎನ್ನುವವರೂ ಇದ್ದಾರೆ. ಕೆಂಬೂತಕ್ಕೂ ಊಟ ಬೇಕು, ಅದು ಮೊದಲಿನಿಂದ ಬಂದ ಲೆಕ್ಕ. ಆದರೆ ಹಿಡಿದು ತಂದ ಗೋಸುಂಬೆ ಮರಿ ಮಾಡುವುದಿಲ್ಲ, ಊಟ ಬಿಡುತ್ತದೆ, ಹೆದರಿಕೆಯಲ್ಲೇ ಸೊರಗುತ್ತದೆ. ಬೇಲಿಯ ಪಾಲಿಗೆ ಅದು ಹಿಡಿದ ದಿನವೇ ಸತ್ತ ಲೆಕ್ಕ.

ನಮಗೆ ಇದು ಹೊಸ ಪಾಠ ಅಲ್ಲ

ನಮ್ಮ ತುಳುನಾಡಿನ ಹಿರಿಯರು ಹಾವಿಗೆ ಗೂಡು ಕಟ್ಟಲಿಲ್ಲ, ನಾಗಬನ ಬಿಟ್ಟರು. ಒಂದಿಷ್ಟು ಜಾಗ, ಅದರಲ್ಲಿ ಮರ ಬಳ್ಳಿ, ಕತ್ತಿ ಹಾಕಬಾರದು ಎಂಬ ಕಟ್ಟಳೆ. ಸರೀಸೃಪವನ್ನು ಸಾಕುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಯಾವ ವಿಡಿಯೊದಲ್ಲೂ ಇಲ್ಲ. ಈಗ ಎಷ್ಟೋ ಬನಗಳಲ್ಲಿ ಮರ ಹೋಗಿ ಗ್ರಾನೈಟ್ ಕಟ್ಟೆ ಬಂದಿದೆ. ಕಲ್ಲಿನ ನಾಗನಿಗೆ ಹಾಲೆರೆಯುತ್ತೇವೆ, ಬನದ ನಾಗನಿಗೆ ಬನ ಇಲ್ಲ. ಬನ ಇರುವ ಕುಟುಂಬದವರು ಉಳಿದ ಮರಗಳನ್ನಾದರೂ ಬಿಡಬೇಕು. ಬನ ಇಲ್ಲದವರು ಬೇಲಿಯನ್ನೇ ಸಣ್ಣ ಬನ ಎಂದುಕೊಳ್ಳಬೇಕು.

ದಿನದ ಆರೈಕೆಗೆ ಹೆಚ್ಚು ಕೆಲಸ ಇಲ್ಲ. ಬೇಲಿಯನ್ನು ಒಂದೇ ದಿನ ಪೂರ್ತಿ ಬೋಳಿಸಬೇಡಿ, ಈ ಸಲ ಒಂದು ಬದಿ, ಮುಂದಿನ ಸಲ ಇನ್ನೊಂದು ಬದಿ ಸವರಿ. ಯಂತ್ರ ಓಡಿಸುವ ಮೊದಲು ಒಂದು ಕೋಲಿನಿಂದ ಗೆಲ್ಲು ಅಲುಗಾಡಿಸಿ. ಕಳೆನಾಶಕ ಬೇಲಿಯ ಬುಡಕ್ಕೆ ತಾಗಿಸಬೇಡಿ. ಬೇಸಗೆಯಲ್ಲಿ ಬೆಳಿಗ್ಗೆ ಗಿಡಗಳ ಎಲೆಗೂ ನೀರು ಬೀಳಲಿ.

ದಾರಿ ದಾಟುವ ಗೋಸುಂಬೆ ಕಂಡರೆ ಬಾಲ ಹಿಡಿದು ಎತ್ತಬೇಡಿ. ಒಂದು ಕೋಲು ಮುಂದಿಡಿ, ಅದೇ ಹತ್ತುತ್ತದೆ. ಅದು ಹೋಗುತ್ತಿದ್ದ ಬದಿಗೇ ಒಯ್ದು ಗಿಡಕ್ಕೆ ಬಿಡಿ. ಗಾಯ ಆಗಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಗೆಲ್ಲಿನ ಜೊತೆ ಇಟ್ಟು ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ಕಾರ್ಕಳದವರಿಗೆ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿಯೇ ಊರಿನಲ್ಲಿದೆ.

'ಹಾಗಾದರೆ ಮಕ್ಕಳಿಗೆ ಪ್ರಾಣಿಯ ಮೇಲೆ ಪ್ರೀತಿ ಬರುವುದು ಹೇಗೆ' ಎಂದು ಕೇಳಬಹುದು. ತೆಂಗಿನ ಗರಿಯ ಕಡ್ಡಿಗೆ ಕುಣಿಕೆ ಹಾಕಿ ಓತಿ ಹಿಡಿದು ಕಲ್ಲು ಹೊಡೆಯುವುದು ನಮ್ಮ ಊರುಗಳಲ್ಲಿ ಮಕ್ಕಳ ಆಟವೇ ಆಗಿತ್ತು. ಅಲ್ಲಿಂದ ಪ್ರೀತಿಯ ಕಡೆಗೆ ಬರಲು ಪೆಟ್ಟಿಗೆ ಬೇಡ. ಮಗುವಿಗೆ ಒಂದು ನೋಟ್‌ಬುಕ್ ಕೊಡಿ. ಬೇಲಿಯಲ್ಲಿ ಇವತ್ತು ಏನು ಕಂಡೆ, ಎಷ್ಟು ಹೊತ್ತಿಗೆ ಕಂಡೆ, ಅದು ಏನು ತಿನ್ನುತ್ತಿತ್ತು ಎಂದು ಬರೆಯಲಿ. ಬರೆಯಲು ಬೇಲಿಯಲ್ಲಿ ಏನಾದರೂ ಇರುವ ಹಾಗೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.