ತೋನ್ಸೆಪಾರಿನ ಕಲ್ಲು

ನಿವೃತ್ತ ಭೂಗೋಳ ಉಪಾಧ್ಯಾಯರೊಬ್ಬರನ್ನು ಪ್ರವಾಸಕ್ಕೆ ಕರೆದೊಯ್ಯುವುದು ಅಷ್ಟು ಸುಲಭದ ಕಾರ್ಯವಲ್ಲ. ಹೊಳೆ ಕಂಡರೆ ಅದರ ಉಗಮಸ್ಥಾನವನ್ನೂ, ಗುಡ್ಡ ಕಂಡರೆ ಅದರ ಎತ್ತರವನ್ನೂ ಹೇಳದೆ ಅವರು ಮುಂದಕ್ಕೆ ಹೆಜ್ಜೆಯಿಡುವವರಲ್ಲ. ಹಾಸನದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ, ನಿವೃತ್ತರಾಗಿ ಹದಿನೆಂಟು ವರ್ಷ ಕಳೆದಿದ್ದ ಮೇಷ್ಟ್ರು ಡಿಸೆಂಬರ್ ರಜೆಯಲ್ಲಿ ಪತ್ನೀಸಮೇತರಾಗಿ ಮಂಗಳೂರಿನ ಮಗಳ ಮನೆಗೆ ಬಂದಾಗ, ಅಳಿಯ ಮೊದಲೇ ನಾಲ್ಕು ಟಿಕೆಟುಗಳನ್ನು ತೆಗೆದಿರಿಸಿದ್ದ. ಬೆಳಗ್ಗೆ ಆರಕ್ಕೆ ಬಸ್ಸು, ಉಡುಪಿಯಲ್ಲಿ ಕೃಷ್ಣದರ್ಶನ, ಬಳಿಕ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಸಂಜೆಗೆ ವಾಪಸು. ಜೊತೆಗೊಬ್ಬ ಮಾರ್ಗದರ್ಶಕ.

“ಮಾರ್ಗದರ್ಶಕನೇಕೆ? ನಾನಿಲ್ಲವೆ?” ಎಂದರು ಮೇಷ್ಟ್ರು.

“ಇರಲಿ ಬಿಡಿ ಅಪ್ಪ, ಅವನಿಗೂ ಒಂದು ಮಾತು ಹೇಳೋದಕ್ಕೆ ಅವಕಾಶ ಕೊಡಿ” ಎಂದಳು ಮಗಳು.

ಮಂಗಳೂರಿನಿಂದ ಉಡುಪಿಗೆ ಸುಮಾರು ಅರವತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಹತ್ತು ವರ್ಷದ ಮೊಮ್ಮಗನಿಗೆ ನೇತ್ರಾವತಿ, ಗುರುಪುರ, ಶಾಂಭವಿ ನದಿಗಳ ಪಾಠ ನಡೆಯಿತು. ಮಲ್ಪೆಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರು ಅದು. ಸಾಲುಸಾಲಾಗಿ ನಿಂತ ದೋಣಿಗಳು, ಅವುಗಳ ತುದಿಯಲ್ಲಿ ಹಾರಾಡುವ ಬಣ್ಣದ ಬಾವುಟಗಳು, ಮಂಜುಗಡ್ಡೆ ಒಡೆಯುವ ಸದ್ದು, ಬುಟ್ಟಿ ಹೊತ್ತ ಹೆಂಗಸರ ಮಾತು. ಅಜ್ಜಿಯವರು ಸೆರಗನ್ನು ಮೂಗಿಗೆ ಹಿಡಿದುಕೊಂಡರೂ, ಮಧ್ವಾಚಾರ್ಯರಿಗೆ ಕೃಷ್ಣವಿಗ್ರಹ ದೊರೆತದ್ದು ಈ ಕಡಲ ದಂಡೆಯಲ್ಲಿಯೇ ಎಂಬುದು ನೆನಪಾದೊಡನೆ ಸೆರಗನ್ನು ಇಳಿಸಿ ಕೈಮುಗಿದರು. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಆಚಾರ್ಯರು ದಡ ಸೇರಿಸಿದರೆಂದೂ, ನಾವಿಕನು ಕೃತಜ್ಞತೆಯಿಂದ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ವಿಗ್ರಹವಿತ್ತೆಂದೂ ಸಂಪ್ರದಾಯ ಹೇಳುತ್ತದೆ. ಆ ಕಥೆಯನ್ನು ಮೊಮ್ಮಗನಿಗೆ ಹೇಳುವ ಸರದಿ ಅಜ್ಜಿಯವರದಾಯಿತು; ಮೇಷ್ಟ್ರು ಒಂದಿಷ್ಟು ಹೊತ್ತು ಸುಮ್ಮನಿದ್ದರು.

ಮಾರ್ಗದರ್ಶಕನು ಮಲ್ಪೆಯವನೇ ಆದ ಇಪ್ಪತ್ತೈದರ ತರುಣ. ಅವನ ತಂದೆ, ಅಜ್ಜ ಎಲ್ಲರೂ ಕಡಲಿಗಿಳಿದವರು. ಕಡಲು ಸೌಮ್ಯವಾಗಿತ್ತು. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿಗೆ ದೋಣಿ ಬಿಡುವುದಿಲ್ಲ. ಚಳಿಗಾಲದ ದಿನಗಳೇ ಪ್ರವಾಸಕ್ಕೆ ಯೋಗ್ಯವಾದವು. ಯಂತ್ರದ ದೋಣಿ ಬಂದರನ್ನು ಬಿಟ್ಟು ಹೊರಟ ಕೆಲಹೊತ್ತಿಗೆ ತೆಂಗಿನ ತಲೆಗಳು ನೀರಿನಿಂದಲೇ ಮೂಡಿಬಂದಂತೆ ಕಾಣಿಸಿಕೊಂಡವು.

“ಒಟ್ಟು ನಾಲ್ಕು ಮುಖ್ಯ ದ್ವೀಪಗಳುಂಟು” ಎಂದ ತರುಣ. “ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ಮತ್ತೆ ದರಿಯಾ ಬಹಾದ್ದೂರ್‌ಗಡ. ನಾವು ಹೋಗುವುದು ತೆಂಗಿನ ದ್ವೀಪಕ್ಕೆ. ನಮ್ಮ ಕಡೆಯ ಹೆಸರು ತೋನ್ಸೆಪಾರ್. ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್, ಅಷ್ಟೇ.”

ಸೇಂಟ್ ಮೇರಿಯ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ ಎಂಬುದು ಪ್ರತೀತಿ. 1498ರಲ್ಲಿ ಕಲ್ಲಿಕೋಟೆಯನ್ನು ಬಿಟ್ಟು ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ ಅವನು ಈ ತೀರದ ದ್ವೀಪವೊಂದರಲ್ಲಿ ಕಲ್ಲುಕಂಬವನ್ನು ನೆಟ್ಟು, ಅದಕ್ಕೆ ಮೇರಿಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ. ಆದರೆ ಈ ದ್ವೀಪದಲ್ಲಿ ಯಾವ ನಾವಿಕನೂ ಕಲ್ಲುಕಂಬ ನೆಡುವ ಅಗತ್ಯವಿರಲಿಲ್ಲ. ಕಂಬಗಳನ್ನು ಪ್ರಕೃತಿಯೇ ನೆಟ್ಟಿತ್ತು.

ದಡದ ಬಳಿ ನೀರು ಆಳವಿಲ್ಲದ್ದರಿಂದ ದೊಡ್ಡ ದೋಣಿಯನ್ನು ದೂರದಲ್ಲಿಯೇ ನಿಲ್ಲಿಸಿ, ಜನರನ್ನು ಸಣ್ಣ ದೋಣಿಗೆ ಇಳಿಸಿದರು. ಅಜ್ಜಿಯವರು ಅಂಚಿಗೆ ಬಂದು ನಿಂತುಬಿಟ್ಟರು.

“ಅಮ್ಮ, ನನ್ನ ಹೆಗಲ ಮೇಲೆ ಕೈ ಇಡಿ. ದೋಣಿ ಮೇಲೆ ಬಂದಾಗ ಕಾಲಿಡಿ, ಕೆಳಗೆ ಹೋಗುವಾಗ ಬೇಡ. ಅವಸರ ಇಲ್ಲ” ಎಂದ ತರುಣ. ಎರಡು ಅಲೆಗಳು ಹಾದುಹೋದವು. ಮೂರನೆಯದಕ್ಕೆ ಅವರು ಇಳಿದರು.

ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬಿಳಿಯವು, ತಿಳಿಗೆಂಪಿನವು, ಉಗುರಿನಷ್ಟು ಸಣ್ಣವು. ಕಾಲಿಟ್ಟಲ್ಲೆಲ್ಲ ಚರಚರ ಸದ್ದು. ತರುಣ ಎಲ್ಲರನ್ನೂ ನಿಲ್ಲಿಸಿ ಮೂರು ಮಾತು ಹೇಳಿದ. ದ್ವೀಪದಲ್ಲಿರುವುದಕ್ಕೆ ಒಂದೂವರೆ ಗಂಟೆ. ತೆರೆ ಹೊಡೆಯುವ ಕಡೆಯ ಒದ್ದೆ ಬಂಡೆಗಳ ಮೇಲೆ ಯಾರೂ ಹೋಗಕೂಡದು. ಪಾಚಿ ಕಣ್ಣಿಗೆ ಕಾಣುವುದಿಲ್ಲ, ಹಾಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಇಲ್ಲಿಂದ ಕಲ್ಲನ್ನಾಗಲಿ ಚಿಪ್ಪನ್ನಾಗಲಿ ಒಯ್ಯಕೂಡದು. ಮೊದಲೆರಡು ಮಾತಿಗೆ ಎಲ್ಲರೂ ತಲೆಯಾಡಿಸಿದರು. ಮೂರನೆಯದು ಅಷ್ಟಾಗಿ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ತೆಂಗಿನ ಸಾಲನ್ನು ದಾಟಿದೊಡನೆ ಕಂಬಗಳು ಎದುರಾದವು. ಯಾರೋ ಅಳತೆಗೋಲು ಹಿಡಿದು ಕಡೆದು ನಿಲ್ಲಿಸಿದಂತಹ ಕಲ್ಲುಕಂಬಗಳು. ಕೆಲವು ಐದು ಮೂಲೆಯವು, ಕೆಲವು ಏಳು, ಬಹಳವು ಆರು. ಒಂದಕ್ಕೊಂದು ಸಂದಿಲ್ಲದಂತೆ ಹೊಂದಿಕೊಂಡು ನಿಂತಿದ್ದವು. ಎತ್ತರವಾದವು ಮೂರಾಳು ನಿಲುವಿನಷ್ಟು, ಆರು ಮೀಟರಿನವರೆಗೂ ಇದ್ದವು. ಕೆಲವೆಡೆ ಕಂಬಗಳ ತಲೆಗಳು ಸಮಪ್ರಮಾಣದಲ್ಲಿ ಕತ್ತರಿಸಿಹೋಗಿ, ನೆಲಕ್ಕೆ ಹಾಸುಗಲ್ಲು ಜೋಡಿಸಿದಂತಿತ್ತು.

ಮೇಷ್ಟ್ರಿಗೆ ಹರೆಯ ಮರಳಿತು. ಸಹಪ್ರಯಾಣಿಕರಲ್ಲಿ ಹತ್ತು ಹನ್ನೆರಡು ಮಂದಿ ತಾವಾಗಿಯೇ ಸುತ್ತ ನೆರೆದರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಒಣಗಿ, ಕುಗ್ಗಿ, ಬಿರುಕು ಬಿಟ್ಟು ಬಿಲ್ಲೆಬಿಲ್ಲೆಯಾಗುವುದನ್ನು ಎಲ್ಲರೂ ನೋಡಿಲ್ಲವೆ? ಲಾವಾರಸವೂ ಹಾಗೆಯೇ ಆರುತ್ತ ಕುಗ್ಗುತ್ತದೆ. ಕುಗ್ಗುವಾಗ ಎಲ್ಲ ಕಡೆಗೂ ಸಮನಾಗಿ ಎಳೆತ ಬೀಳುವುದರಿಂದ ಬಿರುಕುಗಳು ಮೂರು ಮೂರಾಗಿ ಕೂಡಿ, ಜೇನುಗೂಡಿನಂತೆ ಆರು ಮೂಲೆಯ ಆಕಾರ ತಾಳುತ್ತವೆ. ಮೇಲಿನಿಂದ ತಂಪು ಒಳಗಿಳಿದಂತೆಲ್ಲ ಬಿರುಕೂ ಇಳಿಯುತ್ತದೆ, ಹಾಗೆ ಕಂಬವಾಗುತ್ತದೆ. ಐರ್ಲೆಂಡಿನ ಉತ್ತರ ತೀರದಲ್ಲಿಯೂ ಇಂತಹ ಕಂಬಗಳಿವೆ. ಇಷ್ಟನ್ನು ಸೊಗಸಾಗಿ ವಿವರಿಸಿ, ಮೇಷ್ಟ್ರು ಕೊನೆಗೆ ಹೇಳಿದರು: “ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಕಪ್ಪುಮಣ್ಣನ್ನು ಕೊಟ್ಟ ದಖನ್ ಲಾವಾ ಇದೆಯಲ್ಲ, ಅದೇ ಇದು. ಅದರದೇ ಒಂದು ತುಣುಕು ಇಲ್ಲಿ ಕಡಲಿನಲ್ಲಿ ಉಳಿದಿದೆ.”

ಜನ ಮೆಚ್ಚಿದರು, ಭಾವಚಿತ್ರ ತೆಗೆಯಲು ಚದುರಿದರು. ಮಾರ್ಗದರ್ಶಕನು ಅಷ್ಟು ಹೊತ್ತೂ ಒಂದು ಕಂಬಕ್ಕೊರಗಿ ಕೇಳುತ್ತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

“ಮಾಸ್ಟ್ರೇ, ಕೆರೆಯ ಕೆಸರಿನ ಮಾತು ಬಹಳ ಚಂದ ಹೇಳಿದಿರಿ. ಇನ್ನು ಮೇಲೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇದು ದಖನ್ ಲಾವಾ ಅಲ್ಲ.”

“ಅಲ್ಲವೆ?”

“ಅಲ್ಲ. ಅದಕ್ಕೆ ಆರೂವರೆ ಕೋಟಿ ವರ್ಷದ ಪ್ರಾಯ. ಇದಕ್ಕೆ ಎಂಟೂವರೆ ಕೋಟಿಗೂ ಮೇಲೆ, ಒಂಬತ್ತು ಕೋಟಿಯ ಹತ್ತಿರ. ಕಲ್ಲಿನ ಜಾತಿಯೂ ಬೇರೆ. ಜನ ಬಸಾಲ್ಟ್ ಎನ್ನುತ್ತಾರೆ, ಆದರೆ ಇದರಲ್ಲಿ ಸಿಲಿಕ ಹೆಚ್ಚುಂಟು, ರಯೊಲೈಟ್ ಎನ್ನುವುದಂತೆ. ಆಗ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ಅದು ಬಿಟ್ಟುಹೋಗುವ ಕಾಲದ ಬೆಂಕಿ ಇದು. ಆ ಕಾಲದ ಕಲ್ಲು ಅಲ್ಲಿಯೂ ಉಂಟಂತೆ.”

“ನಿನಗೆ ಇದನ್ನೆಲ್ಲ ಯಾರು ಹೇಳಿದರು?”

“ಕಾಲೇಜುಗಳಿಂದ ಭೂವಿಜ್ಞಾನದವರು ಬರುತ್ತಾರಲ್ಲ ಮಾಸ್ಟ್ರೇ. ಅವರ ಚೀಲ ಹೊತ್ತು ಕಲಿತದ್ದು.”

ಮೇಷ್ಟ್ರು ಮಾತಾಡಲಿಲ್ಲ. ಅವರು ವಿದ್ಯಾರ್ಥಿಯಾಗಿದ್ದಾಗ ಓದಿದ ಪುಸ್ತಕಗಳಲ್ಲಿ ಭೂಖಂಡಗಳು ಅಲುಗದೆ ನಿಂತಿದ್ದವು. ವೆಗೆನರ್ ಎಂಬ ಜರ್ಮನ್ ವಿಜ್ಞಾನಿಯು 1912ರಲ್ಲಿ ಭೂಖಂಡಗಳು ಚಲಿಸುತ್ತವೆಂದು ಹೇಳಿದಾಗ ಬಹುಮಂದಿ ನಂಬಲಿಲ್ಲ. ಸಾಗರತಳದ ಸಾಕ್ಷ್ಯ ದೊರೆತು ವಿದ್ವಾಂಸರು ಅದನ್ನು ಒಪ್ಪಿಕೊಂಡದ್ದು 1960ರ ದಶಕದಲ್ಲಿ. ಆ ಒಪ್ಪಿಗೆ ಹಾಸನದ ಕಡೆಯ ಪ್ರೌಢಶಾಲೆಯವರೆಗೆ ನಡೆದು ಬರಲು ಇನ್ನೆಷ್ಟೋ ವರ್ಷ ಹಿಡಿದಿತ್ತು. ಮುಂದೆ ಮೇಷ್ಟ್ರು ಅದನ್ನು ಓದಿ ತಿಳಿದುಕೊಂಡಿದ್ದರು, ಪಾಠವನ್ನೂ ಹೇಳಿದ್ದರು. ಆದರೆ ಮಲ್ಪೆಯ ಕಲ್ಲಿನ ವಿಷಯವನ್ನು ಮತ್ತೊಮ್ಮೆ ನೋಡಬೇಕೆಂದು ಅವರಿಗೆ ತೋರಿರಲಿಲ್ಲ. ತಿಳಿದಿದೆ ಎಂದುಕೊಂಡದ್ದನ್ನು ಯಾರು ತಾನೇ ಮತ್ತೆ ಪರೀಕ್ಷಿಸುತ್ತಾರೆ?

ಅವರು ತೆಂಗಿನ ನೆರಳಿನಲ್ಲಿ ಪತ್ನಿಯ ಪಕ್ಕ ಹೋಗಿ ಕುಳಿತರು. ಅಜ್ಜಿಯವರು ಬುತ್ತಿಯ ಗಂಟು ಬಿಚ್ಚುತ್ತ, “ಯಾಕ್ರೀ, ಬಿಸಿಲು ಹೊಡೀತೆ?” ಎಂದರು.

“ಬಿಸಿಲಲ್ಲ. ನಮ್ಮ ಶಾಲೆಯ ಗಾಜಿನ ಬೀರು ನೆನಪಿದೆಯಾ?”

ಅವರಿಗೆ ನೆನಪಿಲ್ಲದೆ ಏನು? ಆ ಬೀರುವಿಗಾಗಿ ಮೇಷ್ಟ್ರು ಒಂದು ತಿಂಗಳ ಸಂಬಳದಲ್ಲಿ ಅರ್ಧವನ್ನು ಸುರಿದಿದ್ದರು. ಯಾವ ಮಗು ಯಾವ ಊರಿಗೆ ಹೋದರೂ ಒಂದು ಕಲ್ಲು ತರಬೇಕು. ಬೀರುವಿನಲ್ಲಿ ಅದಕ್ಕೊಂದು ಸ್ಥಾನ, ಕೆಳಗೆ ಮೇಷ್ಟ್ರ ಕೈಬರಹದ ಚೀಟಿ. 1984ರಲ್ಲಿ ಹುಡುಗನೊಬ್ಬ ಈ ದ್ವೀಪದಿಂದ ಒಂದು ಮುರುಕನ್ನು ತಂದಿದ್ದ. ಬಂಡೆಯಿಂದ ಒಡೆದು ತಂದದ್ದು. ಮೇಷ್ಟ್ರು ತರಗತಿಯ ಎದುರು ಅವನ ಬೆನ್ನು ತಟ್ಟಿದ್ದರು. ‘ದಖನ್ ಲಾವಾ, ಮಲ್ಪೆ’ ಎಂದು ಬರೆದು ಅಂಟಿಸಿದ್ದರು. ಅದಾದ ಮೇಲೆ ನಿವೃತ್ತಿಯವರೆಗೆ ಎಷ್ಟು ನೂರು ಮಕ್ಕಳು ಆ ಚೀಟಿಯನ್ನು ಓದಿರಬಹುದು!

ಅಷ್ಟರಲ್ಲಿ ಮೊಮ್ಮಗ ಬಂದು ಪಕ್ಕದಲ್ಲಿ ಕುಳಿತ. ಚಡ್ಡಿಯ ಜೇಬು ಜೋತುಬಿದ್ದಿತ್ತು.

“ಅದೇನೋ ಜೇಬಿನಲ್ಲಿ?”

ಹುಡುಗ ಹಿಂದುಮುಂದು ನೋಡಿ, ಕೋಳಿಮೊಟ್ಟೆಯಷ್ಟು ದೊಡ್ಡ ಕಲ್ಲನ್ನು ತೆಗೆದು ತೋರಿಸಿದ. “ಚಿಕ್ಕದು ತಾತ. ಇಲ್ಲಿ ಎಷ್ಟೊಂದಿವೆ!”

ಮೇಷ್ಟ್ರು ಬೈಯಲಿಲ್ಲ, ಬೈಯುವ ಅಧಿಕಾರ ತಮಗಿದೆಯೆಂದು ಅವರಿಗೆ ಆ ಗಳಿಗೆಯಲ್ಲಿ ಅನ್ನಿಸಲಿಲ್ಲ. ಬೀರುವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಚೀಟಿಯ ತಪ್ಪನ್ನೂ ಬಿಡದೆ, ಹೇಳಿದರು.

“ಹಾಗಾದರೆ ನೀವೂ ತೊಗೊಂಡಿದ್ದಿರಾ?”

“ನಾನು ಬರಲಿಲ್ಲ. ಬೇರೆಯವರಿಂದ ತರಿಸಿದೆ. ಅದು ಇನ್ನೂ ಕೆಟ್ಟದ್ದು.”

ಹುಡುಗ ಯೋಚಿಸಿದ. ದ್ವೀಪದ ಅಗಲ ನೂರು ಮೀಟರ್. ನೂರು ಜನ ನೂರು ಕಲ್ಲು, ದಿನಕ್ಕೆ ಎಷ್ಟು ದೋಣಿ ಎಂದು ಬೆರಳೆಣಿಸಿದ. ಲೆಕ್ಕ ಮುಗಿಯುವ ಮೊದಲೇ ಎದ್ದುಹೋದ. ಹಿಂದಿರುಗಿದಾಗ ಜೇಬು ಹಗುರವಾಗಿತ್ತು. “ತೆಗೆದ ಜಾಗದಲ್ಲೇ ಇಟ್ಟೆ ತಾತ. ಪಕ್ಕದಲ್ಲಿ ಏಡಿ ಇತ್ತು, ಗುರುತು ಸಿಕ್ಕಿತು” ಎಂದ. ಏಡಿಯು ಅಲ್ಲಿಯೇ ಕಾದು ಕುಳಿತಿತ್ತೇ ಎಂದು ಯಾರೂ ಕೇಳಲಿಲ್ಲ.

ತೀರದಲ್ಲಿ ನಿಂತ ಫಲಕವು ಇದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರುತ್ತಿತ್ತು. ದೇವಾಲಯದ ಕಂಬವನ್ನು ಒಡೆಯಲು ಹಿಂಜರಿಯುವ ಕೈಯೇ ಇಲ್ಲಿ ಸಲೀಸಾಗಿ ಚಾಚುತ್ತದೆ. ಶಿಲ್ಪಿ ಕಡೆದ ಕಂಬ ಮುರಿದರೆ ಇನ್ನೊಬ್ಬ ಶಿಲ್ಪಿ ಕಡೆದಾನು. ಇದನ್ನು ಕಡೆದ ಬೆಂಕಿ ಆರಿ ಕೋಟ್ಯಂತರ ವರ್ಷಗಳಾದವು.

ಸೀಟಿ ಊದಿತು. ಎಲ್ಲರೂ ದೋಣಿಯೇರಿದರು. ದ್ವೀಪ ಹಿಂದೆ ಸರಿಯುತ್ತಿರಲು ಮೇಷ್ಟ್ರು ಅಡ್ಡಹಲಗೆಯನ್ನು ಹಿಡಿದು ಎದ್ದುನಿಂತರು. ಮಗಳು ಗಾಬರಿಯಿಂದ ಅವರ ತೋಳು ಹಿಡಿದಳು.

“ಮಹನೀಯರೇ, ಅಲ್ಲಿ ನಾನು ಒಂದು ಮಾತನ್ನು ತಪ್ಪಾಗಿ ಹೇಳಿದೆ. ಅದು ದಖನ್ ಲಾವಾ ಅಲ್ಲ; ಅದಕ್ಕಿಂತ ಹಳೆಯದು. ಭಾರತವೂ ಮಡಗಾಸ್ಕರವೂ ಅಗಲಿದ ಕಾಲದ್ದು. ನನಗೆ ತಿಳಿಸಿದವರು ಇವರು” ಎಂದು ಮಾರ್ಗದರ್ಶಕನನ್ನು ತೋರಿಸಿದರು.

ಯಂತ್ರದ ಸದ್ದಿನಲ್ಲಿ ಅರ್ಧ ಜನರಿಗೆ ಕೇಳಿಸಲಿಲ್ಲ. ಕೇಳಿಸಿದವರಲ್ಲಿಯೂ ಕೆಲವರಿಗೆ ಅದು ಅಷ್ಟು ದೊಡ್ಡ ವಿಷಯವೆನಿಸಲಿಲ್ಲ. ತರುಣನು ಮಾತ್ರ ತಲೆತಗ್ಗಿಸಿ ಹಗ್ಗವನ್ನು ಸುತ್ತುತ್ತಿದ್ದ. ಮುಂದಿನ ಆಸನದ ಹೆಂಗಸೊಬ್ಬರು ತಮ್ಮ ಕೈಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಅದರೊಳಗೆ ಏನೋ ಚರಚರ ಸದ್ದಾಯಿತು.

ಮಂಗಳೂರಿಗೆ ಬಂದ ರಾತ್ರಿಯೇ ಮೇಷ್ಟ್ರು ತಮ್ಮ ಹಳೆಯ ಶಾಲೆಗೆ ಪತ್ರ ಬರೆದರು. ಬೀರು ಇದ್ದರೆ, ಅದರಲ್ಲಿ ಮಲ್ಪೆಯ ಕಲ್ಲಿದ್ದರೆ, ಚೀಟಿಯನ್ನು ಬದಲಿಸಬೇಕೆಂದು ಕೇಳಿಕೊಂಡು, ಹೊಸ ಚೀಟಿಯನ್ನು ತಮ್ಮ ಕೈಯಿಂದಲೇ ಬರೆದು ಒಳಗಿಟ್ಟರು. ಶಾಲೆಯ ಮಕ್ಕಳು ಎಂದಾದರೂ ಉಡುಪಿಯ ಕಡೆ ಪ್ರವಾಸ ಬಂದರೆ ಆ ಕಲ್ಲನ್ನು ದ್ವೀಪಕ್ಕೆ ಹಿಂದಿರುಗಿಸಲು ಸಾಧ್ಯವೇ ಎಂದೂ ವಿಚಾರಿಸಿದರು.

ಮೂರು ವಾರಗಳ ಬಳಿಕ ಮುಖ್ಯೋಪಾಧ್ಯಾಯಿನಿಯವರಿಂದ ಉತ್ತರ ಬಂತು. ಬೀರು ಇದೆ; ಗಾಜು ಒಂದು ಕಡೆ ಸೀಳಿದೆ; ಕಲ್ಲು ಇದೆ. ಹೊಸ ಚೀಟಿಯನ್ನು ಅಂಟಿಸಲಾಗಿದೆ. ಕಲ್ಲನ್ನು ಹಿಂದಿರುಗಿಸುವ ವಿಷಯವಾಗಿ ಒಂಬತ್ತನೆಯ ತರಗತಿಯಲ್ಲಿ ಚರ್ಚೆ ನಡೆಯಿತು. ಎಲ್ಲಿಯದೋ ಅಲ್ಲಿಗೇ ಸೇರಬೇಕೆಂದು ಅರ್ಧ ಮಂದಿ. ಕಡಲನ್ನೇ ಕಾಣದ ಮಕ್ಕಳು ನೋಡುವುದಕ್ಕಾಗಿ ಇದೊಂದಾದರೂ ಇಲ್ಲಿಯೇ ಇರಲಿ ಎಂದು ಉಳಿದರ್ಧ. ಎರಡು ಕಡೆಯವರೂ ಮೇಷ್ಟ್ರ ತೀರ್ಪನ್ನು ಕೇಳಿದ್ದಾರೆ.

ಪತ್ರವು ಮೇಷ್ಟ್ರ ಮೇಜಿನ ಮೇಲಿದೆ. ಅವರಿನ್ನೂ ಉತ್ತರ ಬರೆದಿಲ್ಲ.