ವಿಜಾಪುರಕ್ಕೆ ಎರಡು ದಿನ

ಪುಣೆಯ ಕನ್ನಡಿಗರಾದ ನಾವು ಊರಿಗೆ ಹೋಗುವುದೆಂದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿಯ ದಾರಿ. ಮೈಸೂರಿನವರಾಗಲಿ ಮಂಗಳೂರಿನವರಾಗಲಿ ವರ್ಷವರ್ಷವೂ ಹೋಗಿಬರುತ್ತಾರೆ; ವಿಜಾಪುರ ಮಾತ್ರ ಆ ದಾರಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಇಪ್ಪತ್ತು ಮೂವತ್ತು ವರ್ಷ ಇಲ್ಲಿದ್ದೂ ಗೋಲಗುಮ್ಮಟವನ್ನು ಚಿತ್ರದಲ್ಲಷ್ಟೇ ಕಂಡ ಮನೆಗಳು ನಮ್ಮಲ್ಲಿ ಅನೇಕ. (೨೦೧೪ರ ನವೆಂಬರ್ ೧ರಿಂದ ಊರಿನ ಹೆಸರು ವಿಜಯಪುರ. ನಮ್ಮ ಬಾಯಿಗೆ ಬರುವುದು ಇನ್ನೂ ವಿಜಾಪುರವೇ, ಓದುಗರು ಮನ್ನಿಸಬೇಕು.)

ಹಿರಿಯರು ನೋಡದಿದ್ದರೂ ನಡೆದೀತು. ಮಕ್ಕಳ ಮಾತು ಬೇರೆ. ಇಲ್ಲಿಯ ಶಾಲೆಗಳ ನಾಲ್ಕನೆಯ ಇಯತ್ತೆಯ ಶಿವಚರಿತ್ರೆಯಲ್ಲಿ ಅವರು ಈ ಊರನ್ನು ಓದುತ್ತಾರೆ: ಆದಿಲಶಾಹಿ ದರಬಾರು, ಅಫಜಲಖಾನ, ೧೬೫೯ರ ಪ್ರತಾಪಗಡ. ಓದುವುದು ಸರಿಯೆ, ಶಿವಾಜಿ ಮಹಾರಾಜರ ಪರಾಕ್ರಮಕ್ಕೆ ತಲೆಬಾಗದವರಾರು? ಆದರೆ ಕನ್ನಡದ ಮಗುವಿಗೆ ಕನ್ನಡನಾಡಿನ ಒಂದು ಊರು ಬರಿಯ ಶತ್ರುವಿನ ಮನೆಯಾಗಿಯೇ ಉಳಿದುಬಿಟ್ಟರೆ ನಷ್ಟ ನಮ್ಮದೇ. ೧೬೩೬ರ ಅನಂತರ ಶಹಾಜಿ ರಾಜರು ಇದೇ ಪುಣೆ, ಸುಪೆಗಳ ಜಹಗೀರನ್ನು ಅನುಭವಿಸಿದ್ದು ವಿಜಾಪುರದ ಸೇವೆಯಲ್ಲಿದ್ದುಕೊಂಡು ಎಂಬುದನ್ನೂ ಮಗುವಿಗೆ ಹೇಳಬೇಡವೇ?

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ. ಬೇಸಿಗೆಯ ರಜೆ ಬೇಡವೇ ಬೇಡ. ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿಡಲಾಗದು. ಸಂಕ್ರಾಂತಿಯ ವಾರದಲ್ಲಿ ಸೊಲ್ಲಾಪುರ, ವಿಜಾಪುರ ಎರಡೂ ಕಡೆ ಸಿದ್ಧೇಶ್ವರನ ಜಾತ್ರೆ. ಜಾತ್ರೆಗೆಂದೇ ಹೋಗದವರು ಆ ವಾರವನ್ನು ಬಿಡುವುದು ಲೇಸು. ಸೊಲ್ಲಾಪುರದವರೆಗೆ ಸುಮಾರು ೨೫೦ ಕಿಲೋಮೀಟರು, ಅಲ್ಲಿಂದ ದಕ್ಷಿಣಕ್ಕೆ ಇನ್ನು ೧೦೦. ಶನಿವಾರ ನಸುಕಿನಲ್ಲೇ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ನಡುವೆ ಭೀಮಾನದಿ. ನಮ್ಮ ಮುಳಾಮುಠೆ ಸೇರುವುದೂ ಆ ಭೀಮೆಯನ್ನೇ. ಹೊಳೆ ದಾಟಿದೊಡನೆ ಫಲಕಗಳು ಕನ್ನಡಕ್ಕೆ ತಿರುಗುತ್ತವೆ, ಮಕ್ಕಳಿಂದಲೇ ಓದಿಸಿರಿ.

ಇದೇ ಎರಡು ದಿನದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಎಲ್ಲವನ್ನೂ ಮುಗಿಸುವ ಆಸೆ ಹಲವರದು. ಅದು ನೋಡುವುದಲ್ಲ, ಗಾಡಿಯಿಂದ ಇಳಿದು ಹತ್ತುವುದು. ಅವು ಇನ್ನೊಂದು ಸಲಕ್ಕೆ ಇರಲಿ.

ಮೊದಲ ಸಂಜೆಗೆ ಇಬ್ರಾಹಿಂ ರೋಜಾ. ಊರಿನ ಪಶ್ಚಿಮಕ್ಕೆ, ಕೋಟೆಗೋಡೆಯ ಹೊರಗಿದೆ. ೧೫೮೦ರಿಂದ ೧೬೨೭ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನ ಸಮಾಧಿ. ಅರಸನಿಗೆ ಸಂಗೀತದ ಹುಚ್ಚು. ಅವನ 'ಕಿತಾಬ್-ಎ-ನವರಸ'ದಲ್ಲಿ ಸರಸ್ವತಿಯ ಸ್ತುತಿಯುಂಟು, ಜನ ಅವನನ್ನು ಜಗದ್ಗುರು ಎಂದರು. ಪಠ್ಯಪುಸ್ತಕದ ವಿಜಾಪುರಕ್ಕೆ ಎದುರಾಗಿ ಇಡಲು ನಮಗೆ ಇದಕ್ಕಿಂತ ಒಳ್ಳೆಯ ಮಾತು ಕಾಣದು. ಅಲ್ಲಿಂದ ಹತ್ತಿರದಲ್ಲೇ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು: ತೂಕ ೫೫ ಟನ್ನು, ೧೫೪೯ರಲ್ಲಿ ಎರಕ ಹೊಯ್ದದ್ದು ನಮ್ಮ ನೆರೆಯ ಅಹಮದನಗರದಲ್ಲಿ. ಆನೆಯನ್ನು ನುಂಗುವ ಸಿಂಹದ ಬಾಯಿ ಅದರದು. ಹುಡುಗರು ಅಲ್ಲಿಂದ ಕದಲುವುದಿಲ್ಲ. ೧೮೫೪ರಲ್ಲಿ ಹರಾಜಿಗಿಟ್ಟಾಗ ಬಂದ ಸವಾಲು ೧೫೦ ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ಅಫಜಲಖಾನನ ಹೆಂಡಿರದೆಂದು ಹೇಳುವ ಅರವತ್ತು ಗೋರಿಗಳನ್ನು ತೋರಿಸುತ್ತೇವೆಂದು ಯಾರಾದರೂ ಕರೆದಾರು. ಚಿಕ್ಕ ಮಕ್ಕಳೊಡನೆ ಆ ದಂತಕಥೆ ಬೇಡ.

ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಗೋಲಗುಮ್ಮಟದ ಬಾಗಿಲಲ್ಲಿರಬೇಕು. ಒಂಬತ್ತರ ಮೇಲೆ ಶಾಲಾಮಕ್ಕಳ ಕೂಗಾಟವೇ ಕೂಗಾಟ. ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತೊಂದನ್ನುಳಿದು ಎಲ್ಲವೂ ಕೇಳುತ್ತದೆ. ನಸುಕಿನ ನಿಶ್ಶಬ್ದದಲ್ಲಿ ಗೋಡೆಗೆ ಬಾಯಿಟ್ಟು ಮೊಮ್ಮಗಳು ಮೆಲ್ಲಗೆ 'ಅಜ್ಜಾ' ಎಂದರೆ ಆಚೆ ಬದಿಯ ಅಜ್ಜನ ಕಿವಿಗೆ ಅದು ಸ್ಪಷ್ಟ. ಒಳಗಿನ ಅಗಲ ೧೨೪ ಅಡಿ, ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳ ಮೇಲೆ ಗುಮ್ಮಟ ಕುಳಿತಿದೆ. ಆದರೆ ಏಳಂತಸ್ತಿನ ಮೆಟ್ಟಲು ಕಡಿದು, ಇಕ್ಕಟ್ಟು. ಮೊಣಕಾಲು ನೋವಿನವರು ಕೆಳಗೇ ಕುಳಿತು ಮುಹಮ್ಮದ ಆದಿಲಶಹನ ಗೋರಿಯನ್ನೂ, ಅವನ ಬಳಗದೊಡನೆ ಮಲಗಿರುವ ನರ್ತಕಿ ರಂಭೆಯ ಗೋರಿಯನ್ನೂ ನೋಡಲಿ.

ಜುಮ್ಮಾ ಮಸೀದಿಯನ್ನೂ, ಪೂರ್ತಿಯಾಗದೆ ನಿಂತ ಬಾರಾ ಕಮಾನನ್ನೂ ಊಟಕ್ಕೆ ಮುಂಚೆ ಮುಗಿಸಬಹುದು. ಓದುವ ಹವ್ಯಾಸವುಳ್ಳವರು ಫ. ಗು. ಹಳಕಟ್ಟಿಯವರನ್ನು ನೆನೆಯದೆ ಆ ಊರು ಬಿಡಲಾರರು. ವಕೀಲಿಯ ನಡುವೆ ತಾಳೆಗರಿ ಹುಡುಕಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ' ಹೊರತಂದು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು ಇಲ್ಲಿಯೇ.

ಊಟಕ್ಕೆ ಖಾನಾವಳಿಯೇ ಆಗಬೇಕು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಜನವರಿಯಲ್ಲಿ ಹೋದವರಿಗೆ ಹೊಲದಲ್ಲಿ ಸುಟ್ಟ ಎಳೆಜೋಳದ ಸೀತನಿಯೂ ಸಿಕ್ಕೀತು. ಪುಣೆಯವರ ಹುರಡಾ ಅದೇ. ಇನ್ನೊಂದು ಮಾತು. ಎಂ.ಎಚ್. ೧೨ರ ಗಾಡಿ ಕಂಡ ಅಂಗಡಿಯವರು ನಿಮ್ಮೊಡನೆ ಹಿಂದಿಗೋ ಮರಾಠಿಗೋ ಇಳಿಯುತ್ತಾರೆ. ನೀವು ಬಿಡಬೇಡಿ. ದುಡ್ಡನ್ನು ಮಗುವಿನ ಕೈಗೆ ಕೊಟ್ಟು, "ನಿಂಬೆಹಣ್ಣು ಹ್ಯಾಂಗ್ರೀ?" ಎಂದು ಅದರಿಂದಲೇ ಕೇಳಿಸಿ.